ಬೈಗುಳದ ಸೀಟು

ಹ್ಯಾಮರ್ಟನ್ ಊರಿನ ಬೇಸ್‌ಬಾಲ್ ತಂಡದ ಹೆಸರು ‘ಹೇಸರಗತ್ತೆಗಳು’. ಪೆನ್ಸಿಲ್ವೇನಿಯಾದ ಈ ಊರಲ್ಲಿ ಕಲ್ಲಿದ್ದಲ ಗಣಿ ಇದ್ದಾಗ ಅದರೊಳಗೆ ಬಂಡಿ ಎಳೆಯುತ್ತಿದ್ದ ಪ್ರಾಣಿಗಳ ಹೆಸರು ಅದು. ಗಣಿ ಮುಚ್ಚಿತು, ಕತ್ತೆಗಳು ಹೋದವು, ತಂಡ ಮಾತ್ರ ಉಳಿಯಿತು. ಗೆದ್ದದ್ದು ಅಷ್ಟರಲ್ಲೇ ಇದೆ. ಸ್ವಲ್ಪ ಚೆನ್ನಾಗಿ ಆಡಿದವನನ್ನು ದೊಡ್ಡ ತಂಡದವರು ಎತ್ತಿಕೊಂಡು ಹೋಗುತ್ತಾರೆ. ಮಿಕ್ಕವರು ಊರಿನ ಪಾಲಿಗೆ. ಆದರೂ ಗಣಿಯ ಕಾಲದಿಂದಲೂ ಜನ ಬರುತ್ತಿದ್ದರು. ಆಗ ಹಗಲೆಲ್ಲ ಮೇಸ್ತ್ರಿಯ ಬೈಗುಳ ತಿಂದ ಗಣಿಯಾಳುಗಳಿಗೆ ಸಂಜೆ ತಾವೂ ಬೈಯಲು ಒಬ್ಬ ಅಂಪೈರ್ ಸಿಗುತ್ತಿದ್ದನಲ್ಲ!

ಗಣಿಯಾಳಿನ ಮಗಳು ಬರ್ನಾಡೆಟ್ ಸ್ಲಿವಾಳಿಗೆ ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಅಂಪೈರ್‌ನ ಬೆನ್ನ ಹಿಂದಿನ ಒಂದು ಸೀಟು, ಮತ್ತು ಅಪ್ಪನದೇ ಗಂಟಲು. ಅವಳಿಗೆ ಎಪ್ಪತ್ತು ದಾಟಿದರೂ ಗಂಟಲಿಗೆ ವಯಸ್ಸಾಗಿರಲಿಲ್ಲ. ಆಟ ನೋಡಲು ಬಂದವರಿಗಿಂತ ಅವಳ ಬಾಯಿ ಕೇಳಲು ಬಂದವರೇ ಹೆಚ್ಚು.

ಈ ವರ್ಷ ತಂಡವನ್ನು ಕೊಂಡ ಹೊಸ ಮಾಲೀಕ ಟ್ರೆವರ್ ಹಾಲ್ಕೋಂಬ್‌ಗೆ ಸಭ್ಯತೆಯ ಹುಚ್ಚು. “ನೋಡೀಮ್ಮಾ, ಮಕ್ಕಳುಮರಿ ಬರೋ ಜಾಗ ಇದು. ಇನ್ನೊಂದ್ಸಲ ಬಾಯಿ ಬಿಟ್ರೆ ಈ ಸೀಟು ಬೇರೆಯವರಿಗೆ,” ಎಂದುಬಿಟ್ಟ.

ಅಪ್ಪನ ಸೀಟು! ಬರ್ನಾಡೆಟ್ ಬಾಯಿಗೆ ಬೀಗ ಹಾಕಿಕೊಂಡಳು.

ಅಂದು ಸಂಜೆ ಅಂಪೈರ್ ಆರ್ಲೋ ಪೆಟಿಗ್ರೂ ವಾಡಿಕೆಯಂತೆ ಬಗ್ಗಿ, ಬ್ಯಾಟುಗಾರನ ಮುಂದೆ ನೆಲದಲ್ಲಿ ಹೂತಿದ್ದ ಬಿಳಿ ಹಲಗೆಯ ಧೂಳು ಗುಡಿಸಿದ. ಅವನ ಅಗಲವಾದ ಹಿಂಭಾಗ ನೇರ ಅವಳ ಎದುರಿಗೆ. ಮಂಗಳಾರತಿ ಶುರುವಾಗುವುದೇ ಅಲ್ಲಿಂದ. ಇಂದು ಸದ್ದಿಲ್ಲ. ಇನ್ನೊಮ್ಮೆ ಬಗ್ಗಿ ಗುಡಿಸಿದ. ಉಹೂಂ. ಮತ್ತೂ ಗುಡಿಸಿದ. ಹಲಗೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಕೊನೆಗೆ ಪ್ರೇಕ್ಷಕರ ಮುಂದೆ ಕಟ್ಟಿದ್ದ ಬಲೆಯ ಹತ್ತಿರ ಬಂದು ಪಿಸುಗುಟ್ಟಿದ: “ಯಾಕಮ್ಮಾ, ಮೈಗೆ ಹುಷಾರಿಲ್ವಾ?”

ಅವಳು ಬಾಯಿಗೊಂದು ಪಿರೋಗಿ ಕಡುಬು ತುರುಕಿಕೊಂಡು, ಮಾಲೀಕನ ಕಡೆ ಕಣ್ಣಲ್ಲೇ ತೋರಿಸಿದಳು.

ಆರ್ಲೋಗೆ ಅರ್ಥವಾಯಿತು. ಮುಂದಿನ ಚೆಂಡು ನೆಲಕ್ಕೆ ಕುಕ್ಕಿ ಧೂಳೆಬ್ಬಿಸಿತು. ಅದನ್ನೂ ಸರಿಯಾದ ಎಸೆತವೆಂದು “ಸ್ಟ್ರೈಕ್!” ಕೂಗಿದ. ಬರ್ನಾಡೆಟ್ ಹಲ್ಲು ಕಚ್ಚಿ ಕೂತಳು. ಆಮೇಲೆ ಊರಿನ ಆಟಗಾರನೊಬ್ಬ ಓಟ ಮುಗಿಸಲು ಜಾರಿಬಂದು ಹಲಗೆ ಮುಟ್ಟಿ, ಎದ್ದು, ಬಟ್ಟೆಯ ಮಣ್ಣು ಕೊಡವಿಕೊಂಡ ಮೇಲೆ ಚೆಂಡು ಬಂತು.

“ಔಟ್!” ಎಂದ ಆರ್ಲೋ.

“ಏ ಆರ್ಲೋ!” ಕಡುಬು ಹೊರಗೆ ಹಾರಿತು. “ಕಣ್ಣೇನೋ ಅವು, ಅಂಗಿ ಗುಂಡಿಗಳೇನೋ? ನಮ್ಮಪ್ಪಂಗೆ ಕತ್ತಲ ಗಣೀಲಿ ಕಂಡಿದ್ದು ನಿಂಗೆ ಇಷ್ಟೊಂದು ದೀಪದಲ್ಲಿ ಕಾಣಲ್ವಲ್ಲೋ! ಆ ಹೇಸರಗತ್ತೆಗಳಿಗಿತ್ತಪ್ಪ ನಿನಗಿಂತ ಬುದ್ಧಿ!”

ಜನ ಎದ್ದು ನಿಂತು ಕೇಕೆ ಹಾಕಿದರು. ಆರ್ಲೋನ ಬೆನ್ನು ಸುಖದಿಂದ ನೆಟ್ಟಗಾಯಿತು.

ಟ್ರೆವರ್ ಸಿಡಿದೆದ್ದು ಆಟದ ಅಂಕಣದೊಳಕ್ಕೇ ನುಗ್ಗಿದ. “ಎಳ್ಕೊಂಡ್ಹೋಗಿ ಅವಳನ್ನ! ಆ ಸೀಟಿನ ಕಥೆ ಇವತ್ತಿಗೆ ಮುಗೀತು!”

ಆಟದ ನಡುವೆ ಗೆರೆ ದಾಟಿದವನು ಮಾಲೀಕನಾದರೇನು, ಮಹಾರಾಜನಾದರೇನು? ಆರ್ಲೋ ತೋಳು ಬೀಸಿ ಹೆಬ್ಬೆರಳಲ್ಲಿ ಗೇಟು ತೋರಿಸಿದ. “ನೀವೇ ನಡೀರಿ ಸಾರ್ ಹೊರಗೆ. ನೀವು ಹೋಗೋವರೆಗೂ ಆಟ ಇಲ್ಲ.”

ಮರುದಿನ ಟಿಕೆಟ್ಟಿನ ಸಾಲು ಬೀದಿಯ ತಿರುವು ದಾಟಿತ್ತು. ಅದನ್ನು ಕಂಡ ಟ್ರೆವರ್ ಮತ್ತೆ ಸೀಟಿನ ಮಾತೆತ್ತಲಿಲ್ಲ. ಬರ್ನಾಡೆಟ್ ಬಲೆಯಾಚೆಯಿಂದ ಆರ್ಲೋನನ್ನು ಕರೆದಳು. ಕಣ್ಣು ತುಂಬಿತ್ತು.

“ನಿನ್ನೆ ಒಂದು ತೀರ್ಪು ಮಾತ್ರ ಸರಿಯಾಗಿ ಕೊಟ್ಟೆ ಕಣೋ.”

ಆರ್ಲೋನ ಮುಖ ಇಳಿದುಹೋಯಿತು. “ಹೊಗಳ್ಬೇಡೀಮ್ಮಾ. ಕೈಕಾಲೇ ಆಡಲ್ಲ.”

“ಹಂಗಾದ್ರೆ ಬಗ್ಗೋ,” ಎಂದು ಅವಳು ಗಂಟಲು ಸರಿಮಾಡಿಕೊಂಡಳು.