ತುಟಿಗೆ ಹೊಂದುವ ದನಿ

ಹನ್ನೊಂದನೆಯ ಸಲವೂ ತಪ್ಪಿತು. ತಪ್ಪಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಪರದೆಯ ಮೇಲಿನ ಹುಡುಗಿಯ ಬಾಯಿಂದ ಮುದುಕಿಯೊಬ್ಬಳ ದನಿ ಹೊರಬಿದ್ದದ್ದನ್ನು ಥೆಕ್ಲಾ ರೇಬೈನ್ ಕಿವಿಯಾರೆ ಕೇಳಿದ್ದಳು. ಆ ಹುಡುಗಿಯೂ ಅವಳೇ. ನಡುವೆ ಇಪ್ಪತ್ತೈದು ವರ್ಷಗಳಿದ್ದವು, ಅಷ್ಟೆ.

ಗಾಜಿನ ಆಚೆ ಕುಳಿತಿದ್ದ ಧ್ವನಿತಜ್ಞ ಎಗೋನ್ ಮಾಟ್ಸ್ಕೆ ಯಂತ್ರ ನಿಲ್ಲಿಸಿದ. "ಥೆಕ್ಲಾ, ಕಾಫಿ ಕುಡಿಯೋಣ್ವಾ?"

"ಬೆಳಗಿಂದ ಇದು ಮೂರನೇದು. ಗಂಟಲು ಸರಿಮಾಡ್ತೀಯೋ, ಹೊಟ್ಟೆ ಕೆಡಿಸ್ತೀಯೋ?"

"ಇಲ್ಲಿನ ಕಾಫಿ ಕುಡಿದೇ ಇಷ್ಟು ವರ್ಷ ಬದುಕಿದೀವಿ. ಕೆಡೋದಕ್ಕೆ ಇನ್ನೇನು ಉಳಿದಿದೆ?"

ಆದರೆ ಅವನು ಕಾಫಿಗೆ ಏಳಲಿಲ್ಲ. ಚಪ್ಪಟೆ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕುಳಿತ. ಎಗೋನ್ ಟೋಪಿ ತಿರುಗಿಸಿದನೆಂದರೆ ಕೆಟ್ಟ ಸುದ್ದಿಯೆಂಬುದು ಆ ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಅರವತ್ತೈದನೆಯ ಇಸವಿಯಲ್ಲಿ ಥೆಕ್ಲಾಗೆ ಇಪ್ಪತ್ತಾರು. ಹಡಗುಕಟ್ಟೆಯ ಕ್ರೇನ್ ನಡೆಸುವ ಮರಿಯಾ ಎಂಬ ಹುಡುಗಿಯ ಪಾತ್ರ ಅವಳ ಮೊದಲ ಮುಖ್ಯ ಪಾತ್ರವಾಗಿತ್ತು. ಅದೇ ಕೊನೆಯದೂ ಆಯಿತು. ಸರ್ಕಾರದ ಮೇಲಿನವರು ಚಿತ್ರವನ್ನು ಒಮ್ಮೆ ನೋಡಿದರು. ನೋಡಿದ ಮೂರನೆಯ ದಿನ ಡಬ್ಬಿಗಳು ನೆಲಮಾಳಿಗೆ ಸೇರಿದವು, ಥೆಕ್ಲಾ ಓಡರ್ ನದಿಯ ದಂಡೆಯ ಸಣ್ಣ ಊರಿನ ರಂಗಮಂದಿರ ಸೇರಿದಳು. ಕಳೆದ ಚಳಿಗಾಲ ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬಿದ್ದಮೇಲೆ ನೆಲಮಾಳಿಗೆಯ ಬೀಗವೂ ತೆರೆಯಿತು. ಚಿತ್ರದ ಒಂಬತ್ತು ಡಬ್ಬಿಗಳೂ ಸಿಕ್ಕವು, ಧ್ವನಿಯ ಡಬ್ಬಿ ಮಾತ್ರ ಒಂದೂ ಸಿಗಲಿಲ್ಲ. ನಿರ್ದೇಶಕ ತೀರಿಕೊಂಡು ಆರು ವರ್ಷವಾಗಿತ್ತು. ಸೆಪ್ಟೆಂಬರಿನಲ್ಲಿ ಪ್ರದರ್ಶನ ಎಂದು ನಿಶ್ಚಯವಾಗಿತ್ತು. "ಬಂದು ನಿನ್ನ ಮಾತು ನೀನೇ ಆಡು" ಎಂಬ ಎಗೋನ್‌ನ ಪತ್ರವನ್ನು ಥೆಕ್ಲಾ ಮೆಟ್ಟಿಲ ಮೇಲೆ ನಿಂತೇ ಓದಿ, ಮರುದಿನದ ಮೊದಲ ರೈಲು ಹತ್ತಿದ್ದಳು.

ಈಗ ಸಿನಿಮಾ ಸುರುಳಿಯ ನಕಲನ್ನು ತುಂಡುತುಂಡಾಗಿ ಕತ್ತರಿಸಿ, ಪ್ರತಿ ತುಂಡಿನ ತಲೆಬಾಲ ಅಂಟಿಸಿ ಯಂತ್ರಕ್ಕೆ ಹಾಕಿದ್ದರು. ಒಂದೇ ಮಾತು ಗಾಣದೆತ್ತಿನಂತೆ ಸುತ್ತಿಸುತ್ತಿ ಬರುತ್ತಿತ್ತು. ಅದರ ತುಟಿಗೆ ಸರಿಯಾಗಿ ದನಿ ಕೂರಿಸಬೇಕು. ಲಯ ಥೆಕ್ಲಾಗೆ ಒಮ್ಮೆಯೂ ತಪ್ಪಲಿಲ್ಲ. ತಪ್ಪುತ್ತಿದ್ದದ್ದು ವಯಸ್ಸು.

"ಸಾಯಂಕಾಲ ಒಬ್ಬಳು ಹುಡುಗಿ ಬರ್ತಾಳೆ," ಎಂದ ಎಗೋನ್, ಟೋಪಿಗೆ ಹೇಳುವವನಂತೆ.

"ಕಾಫಿ ತರೋದಕ್ಕಾ?"

"ಥೆಕ್ಲಾ."

"ಗೊತ್ತಾಯ್ತು ಬಿಡು. ನನಗೆ ಕೆಟ್ಟಿರೋದು ಗಂಟಲು, ಕಿವಿಯಲ್ಲ."

ಆ ಗಂಟಲು ಒಂದೇ ದಿನದಲ್ಲಿ ಕೆಟ್ಟದ್ದಲ್ಲ. ನವೆಂಬರ್ ಬಂತೆಂದರೆ ಪ್ರತಿ ಊರಿನ ರಂಗಮಂದಿರದಲ್ಲೂ ಮಕ್ಕಳಿಗಾಗಿ ಕ್ರಿಸ್‌ಮಸ್ಸಿನ ಕಿನ್ನರಿ ಕಥೆ ಆಡಲೇಬೇಕು. ಬೆಳಿಗ್ಗೆ ಒಂಬತ್ತಕ್ಕೊಂದು, ಹನ್ನೊಂದಕ್ಕೊಂದು. ಮೇಲಿನವರ ಕೋಪಕ್ಕೆ ಗುರಿಯಾಗಿ ಬಂದವಳಿಗೆ ಮಾಟಗಾತಿಯ ಪಾತ್ರವಲ್ಲದೆ ಇನ್ನೇನು ಕೊಟ್ಟಾರು? ಎಂಟುನೂರು ಮಕ್ಕಳ ಗದ್ದಲದ ಮೇಲೆ ಕಿರುಚಿ, ಕೇಕೆಹಾಕಿ, ಇಪ್ಪತ್ನಾಲ್ಕು ಚಳಿಗಾಲಗಳಲ್ಲಿ ಥೆಕ್ಲಾ ತನ್ನ ದನಿಯನ್ನು ಚೂರುಚೂರಾಗಿ ಅಲ್ಲೇ ಸುರಿದುಬಂದಿದ್ದಳು.

ಸಂಜೆ ನಾಲ್ಕಕ್ಕೆ ಬಂದ ವೀಬ್ಕೆಗೆ ಇಪ್ಪತ್ಮೂರು ವರ್ಷ. ನಾಟಕಶಾಲೆ ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಥೆಕ್ಲಾಳ ಕೈಕುಲುಕಿದವಳು ಕೈ ಬಿಡುವುದನ್ನೇ ಮರೆತಳು.

"ಫ್ರೌ ರೇಬೈನ್, ನಾನೂ ನಿಮ್ಮೂರಿನವಳೇ. ಚಿಕ್ಕವಳಿದ್ದಾಗ ಮೂರು ವರ್ಷ ಸತತ ನಿಮ್ಮ ಮಾಟಗಾತೀನ ನೋಡಿದೀನಿ. ನೀವು ಕಿರುಚಿದಾಗೆಲ್ಲ ಕುರ್ಚಿ ಕೆಳಗೆ ಅಡಗಿ ಕೂತ್ಕೋತಿದ್ದೆ. ಒಂದ್ಸಲ ಬಟ್ಟೇನೂ ಒದ್ದೆಮಾಡ್ಕೊಂಡೆ."

"ಹಾಗಾದ್ರೆ ನನ್ನ ದನಿ ಎಲ್ಲಿ ಹೋಯ್ತು ಅಂತ ಇವನು ಹುಡುಕೋದು ಬೇಡ," ಎಂದು ಥೆಕ್ಲಾ ಎಗೋನ್‌ನತ್ತ ತಿರುಗಿದಳು. "ಇವಳ ಕುರ್ಚಿ ಕೆಳಗಿದೆಯಂತೆ."

ಮೂವರೂ ನಕ್ಕರು. ನಗು ಮೊದಲು ನಿಂತದ್ದು ಥೆಕ್ಲಾಳದು.

ಹುಡುಗಿಯ ದನಿ ಮರಿಯಾಳ ತುಟಿಗೆ ಕೈಗವಸಿನಂತೆ ಹೊಂದಿತು. ಮೊದಲ ತುಂಡು, ಎರಡನೆಯದು, ಏಳನೆಯದು. ಎಗೋನ್‌ನ ಟೋಪಿ ತಲೆಗೇರಿತು. ಹಿಂದಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕುಳಿತ ಥೆಕ್ಲಾ, ಇಷ್ಟು ಸುಲಭವಾಗಿ ತಾನು ತನ್ನಿಂದ ಕಳಚಿಹೋಗುವುದನ್ನು ನೋಡುತ್ತಿದ್ದಳು. ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ಎದ್ದು ಹೋಗಬಹುದಿತ್ತು, ಆದರೆ ಹೋಗಲಿಲ್ಲ. ಕೊನೆಯ ದೃಶ್ಯ ಬರುವುದಿತ್ತು. ಅಲ್ಲಿ ಏನಾಗುವುದೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಕೊನೆಯ ದೃಶ್ಯದಲ್ಲಿ ಮರಿಯಾ ಕ್ರೇನಿನ ತುದಿಯಲ್ಲಿ ನಿಂತಿದ್ದಾಳೆ. ಕಟ್ಟೆಯಲ್ಲಿ ಒಬ್ಬ ಕೂಲಿ ಸತ್ತಿದ್ದಾನೆ. ಕುಡಿದು ಬಿದ್ದನೆಂಬ ಹೇಳಿಕೆಗೆ ಸಹಿ ಹಾಕಲು ಕೆಳಗಿನಿಂದ ಮೇಸ್ತ್ರಿ ಕರೆಯುತ್ತಿದ್ದಾನೆ. ವೀಬ್ಕೆ ಕೈಯಲ್ಲಿನ ಹಾಳೆ ನೋಡಿ ಓದಿದಳು: "ಬರ್ತೀನಿ, ಸಹಿ ಹಾಕ್ತೀನಿ. ಅವನ ತಪ್ಪು ನಮಗೆಲ್ಲ ಪಾಠವಾಗಲಿ."

ತುಟಿ ಎಲ್ಲೋ, ಮಾತು ಎಲ್ಲೋ. ಮತ್ತೊಮ್ಮೆ ಓದಿದರೂ ಕೂಡಲಿಲ್ಲ. ಆರನೆಯ ಸಲ ಎಗೋನ್ ವೀಬ್ಕೆಯ ಓದು ನಿಲ್ಲಿಸಿ ಬರಿಯ ಚಿತ್ರ ಓಡಿಸಿದ. ಮರಿಯಾ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಹಾಳೇಲಿರೋದನ್ನ ಈ ಹುಡುಗಿ ಹೇಳ್ತಾನೇ ಇಲ್ಲ," ಎಂದ ಅವನು ನಿಧಾನವಾಗಿ. ಆಮೇಲೆ ಹಿಂದಿನ ಬೆಂಚಿನತ್ತ ತಿರುಗಿದ. "ಥೆಕ್ಲಾ, ಮೇಲಿನವರ ಒಪ್ಪಿಗೆಗೆ ಕಳಿಸಿದ ಹಾಳೆ ಬೇರೆ, ಚಿತ್ರೀಕರಿಸಿದ್ದು ಬೇರೆ, ಹೌದಾ?"

ಆ ಕಾಲದಲ್ಲಿ ಧೈರ್ಯವಿದ್ದ ಕೆಲವರು ಹಾಗೆ ಮಾಡುತ್ತಿದ್ದರು. ಆ ದೃಶ್ಯ ತೆಗೆದ ದಿನ ಬೆಳಿಗ್ಗೆ ನಿರ್ದೇಶಕ ಆಡಬೇಕಾದ ಮಾತನ್ನು ಅವಳ ಕಿವಿಯಲ್ಲಿ ಹೇಳಿದ್ದ. ಕಾಗದದ ಮೇಲೆ ಎಲ್ಲೂ ಬರೆದಿರಲಿಲ್ಲ.

"ಹೌದು," ಎಂದಳು ಥೆಕ್ಲಾ.

"ಏನಂತ ಹೇಳಿದ್ದೆ?"

ಅವಳು ಪರದೆಯತ್ತ ನೋಡಿದಳು. ಎಗೋನ್ ಅವಳ ಮುಖವನ್ನೇ ನೋಡಿದ. ನಲವತ್ತು ವರ್ಷ ಗಾಜಿನ ಹಿಂದೆ ಕುಳಿತು ನಟನಟಿಯರನ್ನು ಕಂಡವನಿಗೆ ಆ ನೋಟದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

"ನೋಡು. ಈ ಒಂದು ದೃಶ್ಯ ನೀನೇ ಆಡ್ತೀನಿ ಅಂದ್ರೆ ಆಗಲಿ, ನಾನು ಬೇಡ ಅನ್ನಲ್ಲ. ಯಾರಾದ್ರೂ ಕೇಳಿದ್ರೆ ನಾನೇ ಉತ್ತರ ಕೊಡ್ತೀನಿ."

ವೀಬ್ಕೆ ಆಗಲೇ ಮೈಕು ಬಿಟ್ಟು ಸರಿದಿದ್ದಳು. "ನಿಮ್ಮದೇ ಅಲ್ವಾ, ಫ್ರೌ ರೇಬೈನ್. ಬನ್ನಿ."

ಏಳೆಂಟು ಹೆಜ್ಜೆ ದೂರ. ಥೆಕ್ಲಾ ಎದ್ದಳು. ಪರದೆಯ ಮೇಲೆ ಮರಿಯಾ ದನಿಯಿಲ್ಲದೆ ಬಾಯಾಡಿಸುತ್ತಲೇ ಇದ್ದಳು, ಗಾಳಿಗೆ ಅವಳ ತಲೆವಸ್ತ್ರ ಹಾರುತ್ತಿತ್ತು. ಇಪ್ಪತ್ತೈದು ವರ್ಷ ಯಾರೂ ಕೇಳದೆ ಉಳಿದ ಮಾತು ಅದು. ಈಗ ಅದು ಒಡಕು ಗಂಟಲಿನಿಂದ ಬಂದರೆ ಸೆಪ್ಟೆಂಬರಿನ ಸಭೆಯಲ್ಲಿ ಹಿಂದಿನ ಸಾಲಿನವರೊಬ್ಬರು ಕಿಸಕ್ಕನೆ ನಗುತ್ತಾರೆ. ಒಬ್ಬರು ನಕ್ಕರೆ ಸಾಕು.

ಅವಳು ಮೈಕಿನವರೆಗೆ ಹೋದಳು. ಅದನ್ನು ವೀಬ್ಕೆಯ ಎತ್ತರಕ್ಕೆ ಸರಿಮಾಡಿ, ಹುಡುಗಿಯ ಕಿವಿಗೆ ಬಾಗಿ, ಅಂದು ತನಗೆ ಹೇಳಿದ್ದಷ್ಟೇ ಮೆಲ್ಲಗೆ ಹೇಳಿದಳು.

ವೀಬ್ಕೆ ಕಣ್ಣೆತ್ತಿ ನೋಡಿದಳು. ಸುತ್ತು ಮತ್ತೆ ಬಂತು. "ಅವನು ಕುಡಿದಿರಲಿಲ್ಲ. ನಾನು ಮೇಲಿಂದ ನೋಡಿದೀನಿ."

ತುಟಿ ಕೂಡಿತು. ಎಗೋನ್ ಕನ್ನಡಕ ತೆಗೆದು ಒರೆಸಿದ.

ಉಳಿದದ್ದು ಅದರ ಹಿಂದಿನ ತುಂಡೊಂದೇ: ಮಾತಿಲ್ಲದೆ ಮರಿಯಾ ಕಬ್ಬಿಣದ ಏಣಿ ಹತ್ತುತ್ತಾಳೆ. ಉಸಿರು ಬೇಕಿತ್ತು. ವೀಬ್ಕೆ ಏದುಸಿರು ಬಿಟ್ಟಳು, ನಾಟಕಶಾಲೆಯಲ್ಲಿ ಕಲಿಸಿದಂತೆ ಅಚ್ಚುಕಟ್ಟಾಗಿ. ಎಗೋನ್ ತಲೆಯಾಡಿಸಿದ. "ಏಣಿ ಹತ್ತಿದ ಹಾಗಿಲ್ಲಮ್ಮಾ, ಹುಟ್ಟುಹಬ್ಬದ ಮೇಣದಬತ್ತಿ ಆರಿಸಿದ ಹಾಗಿದೆ."

ಹಿಂದೆ ಥೆಕ್ಲಾ ಕೋಟು ಬಿಚ್ಚಿ ಕೆಳಗಿಟ್ಟ ಸದ್ದಾಯಿತು.

"ಉಸಿರಲ್ಲಿ ವಯಸ್ಸು ಕೇಳ್ಸುತ್ತಾ, ಎಗೋನ್?"

ಅವನು ಪರದೆಯ ಏಣಿಯತ್ತ ನೋಡಿದ. "ಹತ್ತೋವಾಗ ಕೇಳ್ಸಲ್ಲ," ಎಂದ.

ಥೆಕ್ಲಾ ಶೂ ಕಳಚಿ ನಿಂತಲ್ಲೇ ಓಡತೊಡಗಿದಳು, ಎದೆ ಬಡಿಯುವವರೆಗೆ. ದೀಪ ಆರಿತು. ಪರದೆಯ ಮೇಲೆ ಹುಡುಗಿ ಮೊದಲ ಮೆಟ್ಟಿಲಿಗೆ ಕೈಯಿಟ್ಟಳು. ಮೆಟ್ಟಿಲಿಗೊಂದರಂತೆ ಥೆಕ್ಲಾಳ ಉಸಿರು ಕೋಣೆಯನ್ನು ತುಂಬಿತು. ನಡುವಿನ ಅಟ್ಟದಲ್ಲಿ ಹುಡುಗಿ ತಡೆದಾಗ ತಡೆಯಿತು, ಅವಳು ಕೆಳಗೆ ನೋಡಿದಾಗ ಒಮ್ಮೆ ನಡುಗಿತು, ಮತ್ತೆ ಹತ್ತಿತು. ತುದಿ ಬಂತು. ಹುಡುಗಿ ಕಂಬಿ ಹಿಡಿದು ನೆಟ್ಟಗಾಗಿ, ಮುಖದ ಮೇಲಿನ ಕೂದಲು ಸರಿಸಿ, ಮಾತಾಡಲು ಬಾಯಿ ತೆರೆದಳು.

ಥೆಕ್ಲಾ ಉಸಿರು ಬಿಗಿಹಿಡಿದು, ಸದ್ದಾಗದಂತೆ, ಮೈಕಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.