ಡೆಲ್ಮರ್ ಕಿವಿಗೊಟ್ಟ ರಾಕೆಟ್

ಕಣ್ಣು ಹೋದ ಮೇಲೆ ಡೆಲ್ಮರ್, ಹವ್ಯಾಸಕ್ಕೆಂದು ಅರ್ಧ ಜೋಡಿಸಿಟ್ಟಿದ್ದ ಮಾದರಿ ರಾಕೆಟ್ಟನ್ನು ಯಾರಿಗಾದರೂ ಕೊಟ್ಟುಬಿಡು ಎಂದ. ಹೆಂಡತಿ ನೋರೀನ್ ಒಪ್ಪಲಿಲ್ಲ.

"ನಿನ್ ಬೆರಳಿಗೇನಾಗಿದೆ? ಅಂಟು ನಾನ್ ಹಚ್ತೀನಿ, ರೆಕ್ಕೆ ನೀನು ಕೂರಿಸು."

ಚಳಿಗಾಲವೆಲ್ಲ ಆ ಆಳೆತ್ತರದ ರಾಕೆಟ್ಟಿನ ಕೆಲಸ ನಡೆಯಿತು. ಅವನು ಒಂದೊಂದು ರೆಕ್ಕೆಯನ್ನೂ ಸವರಿ, "ಇದು ಸೊಟ್ಟ, ಕಿತ್ತು ಅಂಟಿಸು" ಅನ್ನುತ್ತಿದ್ದ.

"ನಿಮ್ಮಮ್ಮಾನೂ ಇಷ್ಟು ಕೊಂಕು ತೆಗೀತಿರ್ಲಿಲ್ಲ" ಎಂದು ಅವಳು ಗೊಣಗುತ್ತಿದ್ದಳು.

ಕಾನ್ಸಾಸ್‌ನಲ್ಲಿ ಗೋದಿ ಕಟಾವಾದ ಮೇಲೆ ರಾಕೆಟ್ ಕ್ಲಬ್ಬಿನವರು ಬಯಲು ಹೊಲದಲ್ಲಿ ಸೇರಿದರು. ಗುಂಡಿ ಒತ್ತಿದವನು ಡೆಲ್ಮರ್. ರಾಕೆಟ್ ಮೇಲೇರಿದ ಗುಡುಗು ಅವನ ಎದೆಗೇ ಬಡಿಯಿತು. ಆದರೆ ಬಿಸಿಲು ಕಣ್ಣಿಗೆ ಹೊಡೆದು ನೋರೀನ್‌ಗೆ ಏನೂ ಕಾಣಲಿಲ್ಲ.

"ಹೋಯ್ತು ಕಣೋ! ಎಲ್ಲೂ ಕಾಣ್ತಿಲ್ಲ."

"ಶ್!" ಎಂದು ಅವನು ಕೈಯೆತ್ತಿದ. ಮೇಲೆಲ್ಲೋ ಸಣ್ಣಗೆ 'ಟಪ್' ಎಂದಿತು. "ಪ್ಯಾರಾಚೂಟ್ ಬಿಚ್ಚೋ ಮದ್ದು ಸಿಡೀತು. ಅಲ್ಲಿ, ಬಲಗಡೆ ನೋಡು."

ಅವನು ಬೆರಳು ತೋರಿದ ಕಡೆಯೇ ಕಿತ್ತಳೆ ಬಣ್ಣದ ಪ್ಯಾರಾಚೂಟ್ ಅರಳಿ ನಿಧಾನವಾಗಿ ಇಳಿಯುತ್ತಿತ್ತು. ನೋರೀನ್ ಸಂತೋಷಕ್ಕೆ ಕೂಗಿಕೊಂಡಳು. ಅವನ ಕೈಹಿಡಿದು ಗೋದಿಯ ಕೂಳೆ ತುಳಿಯುತ್ತಾ ಅದು ಬಿದ್ದಲ್ಲಿಗೆ ಕರೆದೊಯ್ದಳು. ಡೆಲ್ಮರ್ ಮಂಡಿಯೂರಿ ರಾಕೆಟ್ಟನ್ನು ತುದಿಯಿಂದ ತುದಿಗೆ ಸವರಿದ.

"ಒಂದ್ ಗೀರೂ ಬಿದ್ದಿಲ್ಲ" ಎಂದ. "ಮುಂದಿನ ಸಲ ಇನ್ನೂ ದೊಡ್ಡದು ಕಟ್ಟೋಣ್ವಾ?"