ಮಿಸ್ ಟೆಂಪರ್ಲಿಯ ಮದುವೆ

"ಕ್ರಿಸ್‌ಮಸ್ ಸಂಚಿಕೆಯಲ್ಲಿ ಅವಳಿಗೊಂದು ಮದುವೆ ಮಾಡಿ ಮುಗಿಸಿಬಿಡಿ," ಎಂದರು ಮಿಸ್ಟರ್ ಗ್ರಿಂಡಲ್, ಹಳೆಯ ಕುರ್ಚಿಯೊಂದನ್ನು ಯಾರಿಗಾದರೂ ಕೊಟ್ಟುಬಿಡಿ ಅನ್ನುವ ಧಾಟಿಯಲ್ಲಿ.

ಥರ್ಜಾ ಮೇಬರಿ ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಎರಡು ವರ್ಷದಿಂದ 'ಶನಿವಾರದ ಸಂಗಾತಿ' ಪತ್ರಿಕೆಗೆ ಅವಳು ಬರೆಯುತ್ತಿದ್ದ ಧಾರಾವಾಹಿಯ ನಾಯಕಿ ಮಿಸ್ ಟೆಂಪರ್ಲಿ. ಲಂಡನ್ನಿನ ಕಳ್ಳರನ್ನೂ ವಂಚಕರನ್ನೂ ಒಬ್ಬಳೇ ಹಿಡಿಯುವ ಪತ್ತೇದಾರಿಣಿ. ಮದುವೆಯಾದ ಪತ್ತೇದಾರಿಣಿ ಏನಾಗುತ್ತಾಳೆಂದು ಥರ್ಜಾಗೆ ಗೊತ್ತಿತ್ತು. ಬೇರೆ ಪತ್ರಿಕೆಗಳಲ್ಲಿ ಆಗಲೇ ಒಂದಿಬ್ಬರು ಹಾಗೆ ಆಗಿದ್ದರು. ಕೊನೆಯ ಅಧ್ಯಾಯದಲ್ಲಿ ಉಂಗುರ, ಅದರ ಕೆಳಗೆ 'ಮುಗಿಯಿತು'.

"ಅವಳಿಗೇನಾಗಿದೆ ಈಗ? ಚೆನ್ನಾಗೇ ಇದ್ದಾಳಲ್ಲ."

"ಅದೇ ರೀ ತೊಂದರೆ. ಸುಳ್ಳು ಅನ್ಸುತ್ತೆ." ಗ್ರಿಂಡಲ್ ಗಲ್ಲಮೀಸೆ ನೀವಿಕೊಂಡರು. ಅವರು ಸಂಪಾದಕರು, ಯಾವ ಮಾತನ್ನಾದರೂ ಸಂಪಾದಕೀಯದಂತೆ ಆಡುವುದು ಅವರಿಗೆ ಅಭ್ಯಾಸವಾಗಿತ್ತು. "ಒಬ್ಬ ಹೆಂಗಸು ದಿನವಿಡೀ ಒಬ್ಬ ಗಂಡಸಿನ ಹಿಂದೆ ಸುತ್ತೋದು, ಇಡೀ ಊರಲ್ಲಿ ಒಬ್ಬರಿಗೂ ಗೊತ್ತಾಗದೇ ಇರೋದು! ಸ್ಟ್ರ್ಯಾಂಡ್ ಬೀದಿ ದಾಟೋ ಅಷ್ಟರಲ್ಲಿ ಹತ್ತು ಜನ ಬಂದು, 'ದಾರಿ ತಪ್ಪಿದ್ರಾ ಅಮ್ಮಾ' ಅಂತ ಕೇಳ್ತಾರೆ."

"ನಾನು ಮಾಡಿ ತೋರಿಸಿದ್ರೆ?"

"ಯಾರ ಹಿಂದೆ?"

"ನಿಮ್ಮ ಹಿಂದೇನೆ. ಈ ವಾರ ಯಾವ್ದೋ ಒಂದು ದಿನ. ಯಾರಾದ್ರೂ ಪತ್ತೆ ಹಚ್ಚಿದ್ರೆ ಮದುವೆ ಮಾಡಿಸ್ತೀನಿ. ಹಚ್ಚದಿದ್ರೆ ಮಿಸ್ ಟೆಂಪರ್ಲಿ ಹೇಗಿದಾಳೋ ಹಾಗೇ ಇರ್ತಾಳೆ."

ಗ್ರಿಂಡಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಯ್ತು ತಾಯೀ, ಒಪ್ಪಿದೆ. ಮದುವೆಗೆ ಉಡುಗೊರೆ ನಾನೇ ಕೊಡ್ತೀನಿ."

ಅಲ್ಲಿಂದ ಮುಂದೆ ಗ್ರಿಂಡಲ್ ನೆಮ್ಮದಿಯಾಗಿ ನಡೆಯಲಿಲ್ಲ. ಮಿಸ್ ಟೆಂಪರ್ಲಿಯ ವೇಷಗಳೆಲ್ಲ ಅವರಿಗೆ ಬಾಯಿಪಾಠ. ಮನೆಗೆಲಸದವಳು, ಹೂವಾಡಗಿತ್ತಿ, ದಾದಿ. ಹಾಗಾಗಿ ಫ್ಲೀಟ್ ಬೀದಿಯಲ್ಲಿ ಹೂ ಮಾರುವವಳ ಟೋಪಿಯ ಕೆಳಗೆ ಬಗ್ಗಿ ನೋಡಿದರು. "ಏನಪ್ಪಾ ದೊರೆ, ಹೂವು ಬೇಕೋ ನಾನು ಬೇಕೋ?" ಎಂದು ಅವಳು ಕೂಗಿದ್ದಕ್ಕೆ ಅರ್ಧ ಬೀದಿ ತಿರುಗಿ ನೋಡಿತು. ದಾದಿಯೊಬ್ಬಳನ್ನು ಹಿಂಬಾಲಿಸಿದ್ದಕ್ಕೆ ಪೊಲೀಸಿನವನು ಇವರನ್ನೇ ಹಿಂಬಾಲಿಸಿದ.

ಥರ್ಜಾ ತಾನು ಎಂದೂ ಬರೆಯದ ವೇಷವೊಂದನ್ನು ಹುಡುಕುತ್ತಿದ್ದಳು. ಅದು ಅವಳ ಬಾಡಿಗೆ ಮನೆಯ ಒಡತಿ ಮಿಸೆಸ್ ಡಫೀಲ್ಡಳ ಪೆಟ್ಟಿಗೆಯಲ್ಲಿ ಸಿಕ್ಕಿತು. ಕತ್ತಿನಿಂದ ಕಾಲಿನ ತನಕ ಒರಟು ಕಪ್ಪು ಬಟ್ಟೆ, ಮೊಣಕಾಲು ಮುಟ್ಟುವ ಮುಸುಕು.

"ನಮ್ಮ ಯಜಮಾನ್ರು ಹೋದಾಗ ಹೊಲಿಸಿದ್ದು," ಎಂದಳು ಮಿಸೆಸ್ ಡಫೀಲ್ಡ್, ಥರ್ಜಾಳ ಸೊಂಟದ ಬಳಿ ಬಟ್ಟೆಗೆ ಸೂಜಿ ಚುಚ್ಚುತ್ತ. "ಅದನ್ನ ಹಾಕ್ಕೊಂಡು ಒಂದು ವರ್ಷ ಓಡಾಡಿದೀನಿ. ಒಬ್ಬರಾದ್ರೂ ನನ್ನ ಮುಖ ನೋಡಿದ್ರೆ ಕೇಳು. ಮೀನಿನ ಅಂಗಡಿಯೋನು ಸಹ ಮೀನನ್ನ ನೋಡ್ಕೊಂಡೇ ನನ್ನ ಹತ್ರ ಮಾತಾಡ್ತಿದ್ದ. ಕೊಳೆತದ್ದು ಕೊಟ್ರೂ ತಿರುಗಿಸಿ ಕೊಡೋ ಹಾಗಿಲ್ಲ, ಅಷ್ಟು ಗೌರವ!"

ಅವಳ ಮಾತು ಅಕ್ಷರಶಃ ನಿಜವಾಯಿತು. ಗುರುವಾರ ಬೆಳಿಗ್ಗೆ ಕಪ್ಪು ಮುಸುಕು ಬೀದಿಗಿಳಿದದ್ದೇ ತಡ, ಗಂಡಸರ ಟೋಪಿಗಳು ಮೇಲೆದ್ದವು, ಕಣ್ಣುಗಳು ಕೆಳಗಿಳಿದವು. ಕಾಲುದಾರಿ ಅವಳಿಗಾಗಿ ತೆರೆದುಕೊಂಡಿತು. ಹೋಟೆಲಿನೊಳಗೆ ಗ್ರಿಂಡಲ್ ಕುರಿಮಾಂಸ ತಿನ್ನುತ್ತಿದ್ದಷ್ಟು ಹೊತ್ತು ಅವಳು ಎದುರಿನ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದಳು. ಬೇರೆ ಯಾವ ಹೆಂಗಸು ಹಾಗೆ ಕೂತಿದ್ದರೂ ಪೊಲೀಸಿನವನು ಬಂದು ಎಬ್ಬಿಸುತ್ತಿದ್ದ. ಇವಳ ಪಕ್ಕದಲ್ಲಿ ಅವನು ತುದಿಗಾಲಿನಲ್ಲಿ ನಡೆದುಹೋದ.

ಮಧ್ಯಾಹ್ನ ಗ್ರಿಂಡಲ್ ಪಶ್ಚಿಮಕ್ಕೆ ಹೋಗುವ ಕುದುರೆ ಬಸ್ಸು ಹತ್ತಲು ಬಂದರು. ಥರ್ಜಾಳೂ ಬಂದಳು. ಅವರು ಬಸ್ಸಿನಲ್ಲಿದ್ದ ಇಬ್ಬರು ತರುಣಿಯರನ್ನು ಅನುಮಾನದಿಂದ ದಿಟ್ಟಿಸಿದರು. ಆಮೇಲೆ ವಿಧವೆಯ ಮೊಣಕೈ ಹಿಡಿದು, ತಮ್ಮ ಬೂಟುಗಳನ್ನೇ ನೋಡುತ್ತ, ಅವಳನ್ನು ಮೆಟ್ಟಿಲು ಹತ್ತಿಸಿದರು. "ನಿಧಾನ ತಾಯೀ," ಎಂದರು. ಮುಸುಕಿನೊಳಗೆ ಥರ್ಜಾ ನಾಲಿಗೆ ಚಾಚಿದಳು.

ಅವರು ಇಳಿದದ್ದು ಬ್ರಾಂಪ್ಟನ್ನಿನ ಸ್ಕೇಟಿಂಗ್ ಅಂಗಣದ ಮುಂದೆ. ಆ ವರ್ಷ ಇಡೀ ಲಂಡನ್ನಿಗೆ ಗಾಲಿಯ ಹುಚ್ಚು ಹಿಡಿದಿತ್ತು. ಪಾದ್ರಿಗಳೂ ಬೂಟಿಗೆ ಗಾಲಿ ಕಟ್ಟಿಕೊಂಡು ಬೀಳುತ್ತಿದ್ದರು. ಆದರೆ ಗ್ರಿಂಡಲ್? ಥರ್ಜಾ ಬಾಗಿಲಲ್ಲಿ ತಡವರಿಸಿದಳು. ಹೊಸ ವಿಧವೆ ಎಲ್ಲಿ ಬೇಕಾದರೂ ಹೋಗಬಹುದು, ಬ್ಯಾಂಡು ಬಾರಿಸುವ ಜಾಗವೊಂದನ್ನು ಬಿಟ್ಟು.

ಟಿಕೆಟಿನವನು ಗಾಬರಿಯಿಂದ ಎದ್ದು ನಿಂತ. "ಅಮ್ಮಾ... ಒಳಗಿರೋರು ಯಾರಿಗಾದ್ರೂ ಕೆಟ್ಟ ಸುದ್ದಿ ತಂದ್ರಾ?"

ಥರ್ಜಾ ಹೌದೆಂದು ನಿಧಾನವಾಗಿ ತಲೆಯಾಡಿಸಿದಳು. ಆ ಹೊತ್ತಿಗೆ ಅದು ಸುಳ್ಳು ಅಂತಲೂ ಅನಿಸಲಿಲ್ಲ. ಅವನು ಟೋಪಿ ತೆಗೆದು ದಾರಿ ಬಿಟ್ಟ.

ಒಳಗೆ ಬಣ್ಣಗಳು ಸುತ್ತುತ್ತಿದ್ದವು. ಹಸಿರು ಮಖಮಲ್ಲಿನ ಉಡುಪಿನ ಎತ್ತರದ ಯುವತಿಯೊಬ್ಬಳು ಎಲ್ಲರ ನಡುವಿನಿಂದ, ಬೆಣ್ಣೆಯಲ್ಲಿ ಚಾಕು ಹೋದಂತೆ, ಹಾದುಹೋಗುತ್ತಿದ್ದಳು. ಗ್ರಿಂಡಲ್ ಕಟಕಟೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದರು. ಅವಳು ಹತ್ತಿರ ಬಂದು, "ಕೈ ಬಿಡಿ ಮಿಸ್ಟರ್ ಗ್ರಿಂಡಲ್, ಕಟಕಟೆ ಓಡಿಹೋಗಲ್ಲ," ಎಂದಳು. ಗ್ರಿಂಡಲ್ ಕೈ ಬಿಟ್ಟರು. ಗಾಲಿಗಳು ಅವರನ್ನು ತಮಗೆ ತೋಚಿದ ಕಡೆ ಕೊಂಡೊಯ್ದವು. ಕೊಂಡೊಯ್ದು, ಮೂಲೆಯ ಬೆಂಚಿನ ಮೇಲೆ ಕೂತಿದ್ದ ಥರ್ಜಾಳ ಮೇಲೆ ಕೆಡವಿದವು.

"ಅಯ್ಯೋ ದೇವರೇ! ಕ್ಷಮಿಸಿ ತಾಯೀ, ಇಂಥ ದುಃಖದ ಹೊತ್ತಲ್ಲಿ ನಿಮ್ಮನ್ನ..." ಗ್ರಿಂಡಲ್ ಅವಳ ಬೂಟುಗಳ ಕ್ಷಮೆ ಕೇಳಿದರು. ಏಳಲು ಹೋದರು, ಜಾರಿದರು, ಕೊನೆಗೆ ಬೆಂಚಿನ ಮೇಲೆಯೇ ಉಳಿದರು. ಏನೂ ಮಾತಾಡದೆ ಕೂರುವುದು ಅವರಿಗೆ ಅಸಭ್ಯ ಅನಿಸಿರಬೇಕು. ತಿರುಗಿ ಏನನ್ನೂ ಕೇಳದ ಆ ಕಪ್ಪು ಮುಸುಕಿನ ಮುಂದೆ, ತಮ್ಮ ಮೊಣಕಾಲುಗಳನ್ನು ನೋಡಿಕೊಳ್ಳುತ್ತ, ಎಲ್ಲವನ್ನೂ ಹೇಳತೊಡಗಿದರು.

"ಆ ಹಸಿರು ಉಡುಪಿನವಳಿದಾಳಲ್ಲ, ಮಿಸ್ ಲವಿನಿಯಾ ಟ್ರೂಬ್ರಿಜ್. ಅವಳಿಗೋಸ್ಕರ ಈ ಗಾಲಿ ಕಟ್ಕೊಂಡಿದೀನಿ. ನೀವು ಮದುವೆ ಸುಖ ಕಂಡೋರು, ನಿಮಗೆ ಅರ್ಥ ಆಗುತ್ತೆ. ಮದುವೆ ವಿಷಯ ಎತ್ತಿದ್ರೆ ಸಾಕು, 'ಮಿಸ್ ಟೆಂಪರ್ಲಿ ಗಂಡ ಇಲ್ದೇ ಆರಾಮಾಗಿದಾಳಲ್ಲ, ನನಗ್ಯಾಕೆ?' ಅಂತಾಳೆ. ಮಿಸ್ ಟೆಂಪರ್ಲಿ ಅಂದ್ರೆ ಯಾರು ಗೊತ್ತಾ? ಕತೆಯೊಳಗಿನೋಳು! ನನ್ನ ಪತ್ರಿಕೇಲೇ ಬರೋಳು! ನಾನೇ ಅಚ್ಚು ಹಾಕಿಸಿದ ಹೆಂಗಸು ನನ್ನ ಸಂಸಾರಕ್ಕೆ ಅಡ್ಡ ನಿಂತಿದಾಳೆ. ಅದಕ್ಕೇ ಮೊದಲು ಅವಳಿಗೊಂದು ಮದುವೆ ಗೊತ್ತು ಮಾಡ್ತಿದೀನಿ."

ಥರ್ಜಾಳ ಭುಜಗಳು ಅಲುಗಿದವು. ನಗು ತಡೆಯಲು ತುಟಿ ಕಚ್ಚಿದಳು, ಆಗಲಿಲ್ಲ.

"ಅಳಬೇಡಿ ತಾಯೀ, ಅಳಬೇಡಿ. ನನ್ನದೇ ತಪ್ಪು."

ಅವಳು ಕರವಸ್ತ್ರ ತೆಗೆದು ಮುಸುಕಿನೊಳಗೆ ಬಾಯಿಗೊತ್ತಿಕೊಂಡಳು. ಅದೇ ಹೊತ್ತಿಗೆ ಹಸಿರು ಮಖಮಲ್ಲು ಬೆಂಚಿನ ಮುಂದೆ ಗಕ್ಕನೆ ನಿಂತಿತು. ಲವಿನಿಯಾ ಒಂದು ಗಳಿಗೆ ಕರವಸ್ತ್ರವನ್ನು ನೋಡಿದಳು.

"ಮಿಸ್ಟರ್ ಗ್ರಿಂಡಲ್, ಇವರಿಗೆ ಬಿಸಿ ಚಹಾ ತನ್ನಿ. ಗಾಲಿ ಬಿಚ್ಚಿ ಹೋಗಿ, ನಾಳೆಯೊಳಗಾದ್ರೂ ತರಬೇಕಲ್ಲ."

ಅವರು ಕುಂಟುತ್ತ ಹೋದದ್ದೇ ಅವಳು ಥರ್ಜಾಳ ಪಕ್ಕ ಕೂತಳು. ದನಿ ತಗ್ಗಿಸಿ, "ಯಾರ ಹಿಂದೆ ಬಿದ್ದಿದೀರಿ?" ಎಂದಳು.

"ಏನಂದ್ರಿ?"

"ಗಂಡ ಸತ್ತು ವರ್ಷ ತುಂಬದ ಬಟ್ಟೆ ಹಾಕಿದೀರಿ. ಕರವಸ್ತ್ರಕ್ಕೆ ಬೆರಳಗಲ ಕಪ್ಪು ಅಂಚಿರಬೇಕಿತ್ತು. ನಿಮ್ಮದರಲ್ಲಿ ಚೆರಿ ಹಣ್ಣಿನ ಕಸೂತಿ ಇದೆ. ನಮ್ಮಜ್ಜಿ ಮೂರು ಸಲ ವಿಧವೆ ಆದೋರು, ನಂಗೆ ಇದೆಲ್ಲ ಚೆನ್ನಾಗಿ ಗೊತ್ತು."

ಥರ್ಜಾ ಮಡಿಲಲ್ಲಿದ್ದ ಕೆಂಪು ಚೆರಿಗಳನ್ನು ನೋಡಿದಳು. ಮೈತುಂಬ ಕಪ್ಪು ಹೊದ್ದು, ಜೇಬನ್ನು ಮರೆತಿದ್ದಳು. ಇನ್ನು ಮುಚ್ಚಿಟ್ಟು ಲಾಭವಿರಲಿಲ್ಲ. ತಾನು ಯಾರು, ಪಂದ್ಯವೇನು, ಪಂದ್ಯ ಯಾಕೆ ಹುಟ್ಟಿತು, ಎಲ್ಲ ಹೇಳಿದಳು. ಲವಿನಿಯಾ ಮೊದಲು ಬಾಯಿ ತೆರೆದಳು, ಆಮೇಲೆ ಬೆಂಚು ಅಲುಗುವಂತೆ ನಕ್ಕಳು.

"ನನ್ನಿಂದಾಗಿ ಮಿಸ್ ಟೆಂಪರ್ಲಿಗೆ ಮದುವೆಯಾ! ಅಲ್ರೀ, ಆ ಮನುಷ್ಯ ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳೇ ಇಲ್ಲ! ವಿವಾಹದಿಂದ ಸಮಾಜಕ್ಕೆ ಏನು ಲಾಭ ಅಂತ ಭಾಷಣ ಮಾಡ್ತಾರೆ. ಅಂಥ ಮಾತಿಗೆ ಬೇರೇನು ಹೇಳಲಿ? ಬಿಡಿ, ನಾನು ಬಾಯಿ ಬಿಡಲ್ಲ. ಪಂದ್ಯ ನೀವೇ ಗೆದ್ರಿ."

ಆ ಸಂಜೆ ಥರ್ಜಾಗೆ ಗೆದ್ದೆ ಅನಿಸಲಿಲ್ಲ. ಬಾಯಿ ಮುಚ್ಚಿಕೊಂಡರೆ ಮಿಸ್ ಟೆಂಪರ್ಲಿ ಉಳಿಯುತ್ತಾಳೆ. ಆದರೆ ಸುಳ್ಳುಗಾರರನ್ನು ಹಿಡಿದು ಬದುಕುವ ಹೆಂಗಸನ್ನು ಸುಳ್ಳಿನಿಂದ ಬದುಕಿಸಿ, ನಾಳೆಯಿಂದ ಅವಳ ಬಗ್ಗೆ ಒಂದು ಸಾಲನ್ನಾದರೂ ಬರೆಯುವುದು ಹೇಗೆ? ಮಿಸೆಸ್ ಡಫೀಲ್ಡ್ ಬಡಿಸಿದ ಮಾಂಸದ ಕಡುಬು ತಟ್ಟೆಯಲ್ಲೇ ಆರಿತು.

ಶುಕ್ರವಾರ ಬೆಳಿಗ್ಗೆ ಅವಳು ಗ್ರಿಂಡಲ್ ಮುಂದೆ ನಿಂತು ಹೇಳಿದಳು. "ನಿನ್ನೆ ನೀವು ಮೊಣಕೈ ಹಿಡಿದು ಬಸ್ಸು ಹತ್ತಿಸಿದ್ದು ನನ್ನನ್ನೇ. ಬೆಂಚಿನ ಮೇಲೆ ಅಳಬೇಡಿ ತಾಯೀ ಅಂದದ್ದೂ ನನಗೇ."

ಗ್ರಿಂಡಲ್ ಮುಖ ಕೆಂಪಾಯಿತು, ಬಿಳಿಯಾಯಿತು, ಮತ್ತೆ ಕೆಂಪಾಯಿತು. "ಎಲ್ಲಾ ಕೇಳಿಸ್ಕೊಂಡ್ರಾ?"

"ಎಲ್ಲಾ. ಆದ್ರೆ ಪಂದ್ಯ ನಾನು ಸೋತೆ. ಒಬ್ಬರು ನನ್ನನ್ನ ಪತ್ತೆ ಹಚ್ಚಿಬಿಟ್ರು."

"ಹಾ!" ಗ್ರಿಂಡಲ್ ಮೇಜು ಕುಟ್ಟಿದರು. ಹೋದ ಜೀವ ಬಂದಂತಾಯಿತು. "ನಾನು ಹೇಳ್ಲಿಲ್ವಾ! ಯಾರು? ಆ ಟಿಕೆಟಿನೋನಾ? ಪೊಲೀಸಾ?"

"ಮಿಸ್ ಟ್ರೂಬ್ರಿಜ್. ನನ್ನ ಕರವಸ್ತ್ರ ನೋಡಿ ಕಂಡುಹಿಡಿದ್ರು."

ಮೇಜು ಕುಟ್ಟಿದ ಕೈ ಅಲ್ಲೇ ಉಳಿಯಿತು. ಗ್ರಿಂಡಲ್ ಬುದ್ಧಿ ಇಲ್ಲದವರಲ್ಲ. ತಮ್ಮದೇ ವಾದ ಎಲ್ಲಿ ಮುರಿಯಿತೆಂದು ಅವರಿಗೇ ಕಾಣಿಸಿತು. ಊರೆಲ್ಲ ನೋಡದ್ದನ್ನು ಒಬ್ಬಳು ಒಂದೇ ಗಳಿಗೆಯಲ್ಲಿ ನೋಡಿದ್ದಳು, ಅದೂ ಗಾಲಿಗಳ ಮೇಲೆ ನಿಂತು. ಇಂಥ ಹೆಂಗಸು ಲಂಡನ್ನಿನಲ್ಲಿ ಇರಲಾರಳು ಎಂದು ಇನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

"ಹಾಗಾದ್ರೆ ಮಿಸ್ ಟೆಂಪರ್ಲಿ..." ಎಂದು ಅವರು ಗೊಣಗಿದರು.

"ಸುಳ್ಳು ಅನ್ಸುತ್ತಾ ಈಗ್ಲೂ?"

"ಇಲ್ಲ ಕಣ್ರೀ. ಇರ್ಲಿ, ಒಂಟಿಯಾಗೇ ಇರ್ಲಿ. ನನ್ನ ಗತಿ ಏನೋ ನೋಡ್ಕೋತೀನಿ."

"ನಿಮ್ಮ ಗತಿಗೂ ಒಂದು ಮಾತಿದೆ. ನೀವು ಅವರನ್ನ ಕೇಳೇ ಇಲ್ವಂತೆ. ಭಾಷಣ ಬೇಡ, ಸಮಾಜ ಬೇಡ. ಒಂದೇ ಒಂದು ಪ್ರಶ್ನೆ, ಕಟಕಟೆ ಹಿಡ್ಕೊಳ್ದೆ."

ಗ್ರಿಂಡಲ್ ಅವಳನ್ನು ನೋಡಿದರು. ಆಮೇಲೆ ಟೋಪಿ ಹುಡುಕಿದರು, ಅದು ತಲೆಯ ಮೇಲೇ ಇತ್ತು. ಬಾಗಿಲು ಬಡಿದುಕೊಂಡಿತು. ಅವರು ಮೆಟ್ಟಿಲಿಳಿದ ಸದ್ದು ಅಡಗುವ ಮೊದಲೇ ಅಚ್ಚುಮನೆಯ ಮೇಸ್ತ್ರಿ ಸ್ಪರ್ಲಿಂಗ್, ತೋಳುಗಳಿಗೆಲ್ಲ ಮಸಿ ಮೆತ್ತಿಕೊಂಡು, ಒಂದು ಮರದ ಅಚ್ಚನ್ನು ಎದೆಗವಚಿಕೊಂಡು ಒಳಗೆ ಬಂದ.

"ಅಧ್ಯಾಯ ಎಲ್ಲಮ್ಮಾ? ಮಧ್ಯಾಹ್ನ ಯಂತ್ರ ಓಡಬೇಕು. ಕೆತ್ತಿದ ಚಿತ್ರ ಆಗ್ಲೇ ಬಂದಿದೆ."

"ಯಾವ ಚಿತ್ರ?"

ಅವನು ಅಚ್ಚಿನಿಂದ ತೆಗೆದ ಕಾಗದವನ್ನು ಹರಡಿದ. ಚರ್ಚಿನ ಬಾಗಿಲು. ಬಿಳಿಯ ಉಡುಪಿನಲ್ಲಿ ಮಿಸ್ ಟೆಂಪರ್ಲಿ. ಪಕ್ಕದಲ್ಲಿ ತಿರುಚಿದ ಮೀಸೆಯ ಮದುಮಗ. ಪುಟ ತುಂಬ ನೆಂಟರು. ಗ್ರಿಂಡಲ್ ಪಂದ್ಯಕ್ಕೆ ಮೊದಲೇ ಹೇಳಿ ಕೆತ್ತಿಸಿದ್ದರು.

"ಮದುವೆ ನಿಂತೋಯ್ತು ಮಿಸ್ಟರ್ ಸ್ಪರ್ಲಿಂಗ್."

"ನಿಂತೋಯ್ತು ಅಂದ್ರೆ? ಕ್ರಿಸ್‌ಮಸ್ ಸಂಚಿಕೆಗೆ ಬೇರೆ ಚಿತ್ರ ಎಲ್ಲಿದೆ? ಮರ ಅಮ್ಮಾ ಇದು, ರಬ್ಬರು ತಗೊಂಡು ಅಳಿಸೋಕಾಗುತ್ತಾ? ಕೆತ್ತಿದ ಮೇಲೆ ಮದುವೆ ಆಗ್ಲೇಬೇಕು."

ಥರ್ಜಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿಜವಾಗಿ ಸೋಲುವುದು ಈಗಲೇ ಏನೋ ಅನಿಸಿತು, ಅದೂ ಒಂದು ಮರದ ತುಂಡಿಗೆ. ಮದುಮಗನನ್ನು ನೋಡಿದಳು. ಕೆತ್ತಿದವನ ಉಳಿ ಜಾರಿತ್ತೋ ಏನೋ, ಅವನ ಕಣ್ಣು ಓರೆಯಾಗಿ ಬಾಗಿಲ ಕಡೆ ಹೊರಳಿತ್ತು. ಹಿಂದಿನ ಸಾಲಿನ ನೆಂಟರಲ್ಲಿ ಒಬ್ಬನ ಕೈ ಕೋಟಿನೊಳಗಿತ್ತು. ಅವಳ ಮುಖದಲ್ಲಿ ನಿಧಾನವಾಗಿ ನಗು ಏರಿತು.

"ಮಿಸ್ಟರ್ ಸ್ಪರ್ಲಿಂಗ್, ಈ ಮನುಷ್ಯನಿಗೆ ಬ್ರಿಸ್ಟಲ್‌ನಲ್ಲಿ ಒಬ್ಬಳು ಹೆಂಡತಿ ಇದಾಳೆ. ಲೀಡ್ಸ್‌ನಲ್ಲಿ ಇನ್ನೊಬ್ಬಳು."

ಸ್ಪರ್ಲಿಂಗ್ ಬಗ್ಗಿ ನೋಡಿದ. "ಅಯ್ಯೋ ಪಾಪಿ! ನೋಡಿದ್ರೆ ಹಾಗೇ ಕಾಣ್ತಾನೆ."

"ಇಲ್ಲಿ ಮೂರನೆಯವಳನ್ನ ಮಾಡ್ಕೊಳ್ಳೋಕೆ ಬಂದ. ಆ ಪಾಪದ ಹುಡುಗೀನ ಮನೇಲಿ ಕೂರಿಸಿ, ಅವಳ ಬಟ್ಟೆ ತೊಟ್ಟು ಬಂದವಳು ಮಿಸ್ ಟೆಂಪರ್ಲಿ. ಹಿಂದೆ ನಿಂತಿರೋ ನೆಂಟರು ಪೂರಾ ಪೊಲೀಸು."

"ಕೈಕೋಳ ಎಲ್ಲಿ ಮತ್ತೆ?"

"ಹೂಗುಚ್ಛದೊಳಗೆ."

ಮೇಸ್ತ್ರಿ ಮದುಮಗಳ ಕೈಯಲ್ಲಿದ್ದ ಹೂಗಳನ್ನು ಬಹಳ ಹೊತ್ತು ಪರೀಕ್ಷಿಸಿದ. "ಅದಕ್ಕೇ ನೋಡಿ ಇಷ್ಟು ದೊಡ್ಡದಾಗಿ ಕೆತ್ತಿದಾನೆ," ಎಂದು ತಲೆದೂಗಿ, ಥರ್ಜಾಳ ಕಡೆಗೆ ಮಸಿಯ ಬಾಟಲಿಯನ್ನು ಸರಿಸಿದ. "ಬೇಗ ಬರೀರಿ. ಅವನು ತಪ್ಪಿಸ್ಕೊಂಡಾನು."